ಪರದೆಯ ಅಳತೆ

ಹಕ್ಕಿ ಬಂದು ಬಡಿದದ್ದು ಸರಿಯಾಗಿ ಪರದೆಯಕ್ಕನ ಮೂಗಿನ ನೇರಕ್ಕೆ. ಅವಳು ಸ್ಟೂಲಿನ ಮೇಲೆ ನಿಂತು, ಅಳತೆಯ ಲಾಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕಿಟಕಿಯ ಮೇಲಂಚಿಗೆ ಒತ್ತಿ ಹಿಡಿದಿದ್ದಳು. ದಪ್ಪೆಂದು ಸದ್ದಾಯಿತು. ನಡುವೆ ಗಾಜು ಇಲ್ಲದೇ ಹೋಗಿದ್ದರೆ ಕೊಕ್ಕು ಕಣ್ಣಿಗೇ ನೆಡುತ್ತಿತ್ತು. "ಅಯ್ಯೋ ದೇವರೇ!" ಎಂದು ಬಾಯಿ ಬಿಟ್ಟಳು, ಲಾಡಿ ಜಾರಿ ಕೆಳಗೆ ಬಿತ್ತು. ಅವಳೂ ಅದರ ಹಿಂದೆಯೇ ಹೋಗಬೇಕಿತ್ತು. ಚೌಕಟ್ಟು ಕೈಗೆ ಸಿಕ್ಕಿ ಉಳಿದುಕೊಂಡಳು.

ಆ ಮನೆಯ ಹುಡುಗಿ ಮಾತ್ರ ಬೆಚ್ಚಲಿಲ್ಲ. ಹುಡುಗಿ ಎಂದರೆ ಮದುವೆಯಾಗಿ ಕೆಲವು ವರ್ಷವಾದ ಹೆಂಗಸೇ. ಆದರೆ ಐವತ್ತು ದಾಟಿದ ಪರದೆಯಕ್ಕನಿಗೆ ಮೂವತ್ತರೊಳಗಿನವರೆಲ್ಲ ಹುಡುಗಿಯರೇ. ಅವಳು ಬಾಗಿಲ ಪಕ್ಕದಲ್ಲಿ ಸಿದ್ಧವಾಗಿಟ್ಟಿದ್ದ ಚಪ್ಪಲಿ ಡಬ್ಬವನ್ನು ಎತ್ತಿಕೊಂಡು ಹೊರಗೆ ಹೋದಳು. ಕಿಟಕಿಯ ಬುಡದಲ್ಲಿ ಬಿದ್ದಿದ್ದ ಹಸಿರು ಬೆನ್ನಿನ ಪುಟ್ಟ ಹಕ್ಕಿಯನ್ನು ಬೊಗಸೆಯಲ್ಲಿ ಎತ್ತಿ, ಡಬ್ಬದೊಳಗಿಟ್ಟು, ಮುಚ್ಚಳ ಮುಚ್ಚಿದಳು.

"ಸತ್ತೋಯ್ತಾ?" ಪರದೆಯಕ್ಕ ಸ್ಟೂಲಿನಿಂದ ಇಳಿಯುತ್ತ ಕೇಳಿದಳು.

"ಇಲ್ಲ, ಉಸಿರಾಡ್ತಿದೆ. ತಲೆಗೆ ಏಟು ಬಿದ್ದಿರುತ್ತೆ ಅಷ್ಟೆ. ಕತ್ತಲಲ್ಲಿ ಸ್ವಲ್ಪ ಹೊತ್ತು ಇಟ್ರೆ ಸುಧಾರಿಸ್ಕೊಳ್ಳುತ್ತೆ. ಬೆಳಿಗ್ಗೆ ಬಿದ್ದಿದ್ದು ಸತ್ತೋಯ್ತು."

ಹಾಲು ಉಕ್ಕಿಹೋಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಪರದೆಯಕ್ಕನಿಗೆ ಒಂಥರಾ ಆಯಿತು. ಗಾಜಿನ ಮೇಲೆ ಬೂದಿ ಬಣ್ಣದ ಒಂದು ಗುರುತು ಉಳಿದಿತ್ತು, ಬಿಚ್ಚಿದ ರೆಕ್ಕೆಯ ಒಂದೊಂದು ಗರಿಯೂ ಕಾಣುವಂತೆ. ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿದರೆ ಅಂಥವು ಇನ್ನೂ ಎಷ್ಟೋ ಇದ್ದವು.

ಹಕ್ಕಿಯದಾದರೂ ತಪ್ಪೇನು? ಆ ಮನೆ ಕಟ್ಟಿಸಿದವರಿಗೆ ಗೋಡೆ ಕಂಡರೆ ಆಗುತ್ತಿರಲಿಲ್ಲವೋ ಏನೋ. ಮುಂದಿನ ದೊಡ್ಡ ಕೋಣೆಯ ಎದುರು ಗೋಡೆ ಪೂರಾ ಗಾಜು, ಹಿಂದಿನ ಗೋಡೆಯೂ ಪೂರಾ ಗಾಜು. ಮುಂದೆ ತೋಟ, ಹಿಂದೆ ತೋಟ. ಗೇಟಿನ ಬಳಿ ನಿಂತರೆ ಮನೆಯೊಳಗಿನ ಮೇಜು, ಕುರ್ಚಿ, ಅಡುಗೆಯ ಒಲೆ ಎಲ್ಲವನ್ನೂ ದಾಟಿ ಹಿತ್ತಲಿನ ಪೇರಲೆ ಗಿಡ ಕಾಣುತ್ತಿತ್ತು. ಹಕ್ಕಿಗಳಿಗೂ ಅದೇ ಕಾಣುತ್ತಿತ್ತು. ದಾರಿ ತೆರೆದೇ ಇದೆ ಎಂದುಕೊಂಡು ಬರುತ್ತಿದ್ದವು, ಪಾಪ.

ಪರದೆಯಕ್ಕ ಊರಿನಲ್ಲಿ ಎಷ್ಟು ಮನೆಗೆ ಪರದೆ ಹೊಲಿದಿದ್ದಾಳೆ ಎಂದರೆ ಅವಳ ನಿಜವಾದ ಹೆಸರು ಅವಳ ಮನೆಯವರಿಗೇ ಮರೆತುಹೋಗಿದೆ. "ಅರ್ಧ ಊರಿನ ಮಾನ ಮುಚ್ಚಿರೋಳು ನಾನು" ಎಂದು ಅವಳ ಜಂಬ. ಜಂಬ ಪಟ್ಟರೂ ತಪ್ಪಿಲ್ಲ ಅನ್ನಿ. ಅವಳು ಹೊಲಿದ ಪರದೆ ನೆಲಕ್ಕೆ ತಾಕುವುದೂ ಇಲ್ಲ, ನೆಲದಿಂದ ಎದ್ದು ನಿಲ್ಲುವುದೂ ಇಲ್ಲ. ಅಳತೆ ಎಂದರೆ ಅವಳಿಗೆ ಪ್ರಾಣ. ಚೀಲದಲ್ಲಿ ಟೇಪು ಇದ್ದರೂ ನಂಬಿಕೆ ಮಾತ್ರ ಬಿಳಿ ಲಾಡಿಯ ಮೇಲೆ. ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಜೋಡಿ ಗಂಟು. ಸೋದರತ್ತೆ ಹಾಗೆ ಕಲಿಸಿದ್ದು. ಅಂಕಿ ಬೇಕಾದರೆ ತಪ್ಪು ಓದಿಕೊಳ್ಳಬಹುದು, ಗಂಟನ್ನು ತಪ್ಪು ಓದುವುದಕ್ಕೆ ಆಗುವುದಿಲ್ಲ ಎನ್ನುತ್ತಿದ್ದಳು ಆ ಪುಣ್ಯಾತ್ಗಿತ್ತಿ.

ಕೆಳಗೆ ಬಿದ್ದಿದ್ದ ಲಾಡಿ ಎತ್ತಿಕೊಂಡು ಮತ್ತೆ ಅಳೆದಳು. ಜೋಡಿ ಗಂಟು ಹಾಕುವಾಗ ಬೆರಳು ತಡವರಿಸಿದವು. ಚೀಲಕ್ಕೆ ತುರುಕಿಕೊಂಡಳು.

"ನಾಳೆ ಒಂದು ದಿನ ಹೊಲೀತೀನಿ, ನಾಳಿದ್ದು ತಂದು ಹಾಕ್ತೀನಿ. ಆಗ್ಬಹುದಾ?"

"ನಾಳಿದ್ದು ಬೆಳಿಗ್ಗೇನೇ ಬರ್ತೀರಾ ತಾನೆ? ರಾತ್ರಿ ಅವರು ಟೂರ್ ಮುಗಿಸ್ಕೊಂಡು ಬರ್ತಾರೆ. ಅಷ್ಟರಲ್ಲಿ ಹಾಕಿ ಆಗಿರ್ಬೇಕು."

"ಯಜಮಾನರಿಗೆ ಹೇಳಿಲ್ವಾ?"

ಹುಡುಗಿ ಫ್ರಿಜ್ಜಿಗೆ ಇನ್ನಷ್ಟು ಒತ್ತಿಕೊಂಡು ನಿಂತಳು. ಆಗ ಪರದೆಯಕ್ಕನ ಲಕ್ಷ್ಯಕ್ಕೆ ಒಂದು ವಿಷಯ ಬಂತು. ಬಂದಾಗಿನಿಂದ ಆ ಹುಡುಗಿ ನಿಂತು ಮಾತನಾಡುತ್ತಿದ್ದದ್ದು ಒಂದೇ ಜಾಗದಲ್ಲಿ, ಫ್ರಿಜ್ಜಿನ ಮಗ್ಗುಲಿನ ಎರಡು ಮೊಳದ ಮೂಲೆಯಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಬೀದಿಗೆ ಕಾಣದ ಜಾಗ ಅದೊಂದೇ. ಚಹಾ ಕುಡಿದದ್ದೂ ಅಲ್ಲೇ, ನಿಂತುಕೊಂಡೇ. ಕುರ್ಚಿಗಳೆಲ್ಲ ಬೆಳಕಿನಲ್ಲಿ ಖಾಲಿ ಕೂತಿದ್ದವು.

"ಅವರಿಗೆ ಪರದೆ ಅಂದ್ರೆ ಆಗಲ್ಲ. ಗೇಟಲ್ಲಿ ನಿಂತ್ರೆ ಮನೆಯೆಲ್ಲ ಕಾಣ್ಬೇಕು ಅವರಿಗೆ. ಒಂದೊಂದ್ಸಲ ಬಂದು ಸುಮ್ನೆ ನಿಂತಿರ್ತಾರೆ, ಒಳಗೆ ಬರೋದೇ ಇಲ್ಲ. ಆಮೇಲೆ ಕೇಳ್ತಾರೆ, ಮೂರು ಗಂಟೆಗೆ ಯಾಕೆ ಕಿಟಕಿ ಹತ್ರ ನಿಂತಿದ್ದೆ ಅಂತ." ಹುಡುಗಿ ನಗಲು ನೋಡಿದಳು. "ಹೋದ ತಿಂಗಳು ಹಕ್ಕಿಗೆ ಅಂತ ಒಂದು ಬೆಡ್‌ಶೀಟ್ ಕಟ್ಟಿದ್ದೆ. ಅವತ್ತು ತುಂಬ ಬೇಜಾರು ಮಾಡ್ಕೊಂಡ್ರು."

ಬೇಜಾರು ಎನ್ನುವಾಗ ಅವಳ ಎಡಗೈ ತಾನಾಗಿಯೇ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತು. ಪರದೆಯಕ್ಕ ಕಣ್ಣು ತಪ್ಪಿಸಿ ಬೇರೆ ಕಡೆ ನೋಡಿದಳು. ಪರದೆ ಹೊಲಿಯುವವಳು ಪರದೆಯ ಹಿಂದಕ್ಕೆ ನೋಡಬಾರದು ಎನ್ನುವುದೂ ಸೋದರತ್ತೆಯ ಪಾಠವೇ. ಕಂಡವರ ಮನೆಯ ಉಸಾಬರಿಗೆ ಹೋದವರು ಬದುಕಿ ಬಾಳಿದ್ದುಂಟೇ?

"ಬಟ್ಟೆ ಅಮ್ಮನ ಮನೆಯದು," ಎಂದು ಹುಡುಗಿ ಎರಡು ದಪ್ಪ ಹತ್ತಿಯ ಹೊದಿಕೆಗಳನ್ನು ತಂದು ಕೊಟ್ಟಳು. ಅಂಚಿನಲ್ಲಿ ಎಲೆಗಳ ಚಿತ್ತಾರವಿತ್ತು, ಒಗೆದು ಒಗೆದು ಮೆತ್ತಗಾಗಿದ್ದವು. "ಅಮ್ಮ ಹೊಲಿಸಿ ಕಳಿಸಿದ್ದು ಅಂತೀನಿ. ಹಾಕಿ ಆಗಿದ್ರೆ, ಅದೂ ಅಮ್ಮ ಕಳಿಸಿದ್ದು ಅಂದ್ರೆ, ತೆಗಿ ಅನ್ನಲ್ಲ. ದೊಡ್ಡೋರು ಕೊಟ್ಟಿದ್ದು ಅಂದ್ರೆ ಅವರಿಗೆ ಸ್ವಲ್ಪ ಮರ್ಯಾದೆ. ನೀವು ಬಂದಿದ್ದು ಮಾತ್ರ ಗೊತ್ತಾಗ್ಬಾರದು ಅಕ್ಕ. ಗೊತ್ತಾದ್ರೆ ನನ್ನ ಕಥೆ ಮುಗೀತು."

"ಅಯ್ಯೋ, ನಾನ್ಯಾಕೆ ಹೇಳ್ಲಿ? ನನಗೇನು ಬೇರೆ ಕೆಲಸ ಇಲ್ವಾ? ನಿಮ್ಮ ಫೋನ್ ನಂಬರ್ ಒಂದು ಕೊಟ್ಟಿರಿ."

"ನನ್ನ ಫೋನು ರಿಪೇರಿಗೆ ಹೋಗಿದೆ," ಎಂದಳು ಹುಡುಗಿ, ಕೇಳಿ ಮುಗಿಯುವ ಮೊದಲೇ.

ಡಬ್ಬದೊಳಗೆ ಪರಪರ ಸದ್ದಾಯಿತು. ಹುಡುಗಿ ಹಿತ್ತಲಿಗೆ ಹೋಗಿ ಮುಚ್ಚಳ ತೆಗೆದಳು. ಹಸಿರು ಹಕ್ಕಿ ಒಂದು ಗಳಿಗೆ ಅಂಚಿನ ಮೇಲೆ ಕೂತು, ಪೇರಲೆ ಗಿಡಕ್ಕೆ ಹಾರಿತು. ಅದನ್ನು ನೋಡುವಾಗ ಅವಳ ಮುಖದಲ್ಲಿ ಬಂದ ಸಂತೋಷವನ್ನು ಪರದೆಯಕ್ಕ ಕಂಡಳು. ಈ ಹುಡುಗಿಗೆ ಪರದೆ ಹೊಲಿದು ಕೊಟ್ಟೇ ಕೊಡುತ್ತೇನೆ, ನೋಡಿದವರು ಮೆಚ್ಚುವಂಥದ್ದು, ಎಂದುಕೊಂಡು ಬಸ್ಸು ಹತ್ತಿದಳು.

ಮಾರನೆಯ ದಿನ ಬೆಳಿಗ್ಗೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕತ್ತರಿ ಕೈಗೆತ್ತಿಕೊಂಡು ಲಾಡಿ ತೆಗೆದರೆ ಜೋಡಿ ಗಂಟು ಇಲ್ಲ. ಉದ್ದದ ಒಂಟಿ ಗಂಟು ಕಲ್ಲಿನ ಹಾಗೆ ಕೂತಿದೆ. ಅಗಲದ್ದು ಚೀಲದೊಳಗೇ ಬಿಚ್ಚಿಕೊಂಡಿದೆ.

"ಥೂ, ದರಿದ್ರದ್ದು!"

"ಏನಾಯ್ತಕ್ಕ?" ಎದುರಿನ ಮೆಷಿನ್ನಿನಿಂದ ಅವಳ ಓರಗಿತ್ತಿ ತಲೆ ಎತ್ತಿದಳು. ಮೈದುನನ ಹೆಂಡತಿ, ಒಂದೇ ಮನೆಯಲ್ಲಿ ಸಂಸಾರ, ಒಂದೇ ಕೋಣೆಯಲ್ಲಿ ಹೊಲಿಗೆ. ನಾಲಿಗೆ ಸೂಜಿಗಿಂತ ಚೂಪು, ಆದರೆ ಮನಸ್ಸು ಒಳ್ಳೆಯದು.

"ಗಂಟು ಬಿಚ್ಚೋಗಿದೆ ಕಣೆ. ಆ ಹಾಳು ಹಕ್ಕಿ ಬಂದು ಬಡಿದು ಕೈ ನಡುಗಿಹೋಯ್ತು ನೋಡು, ಅವಾಗ್ಲೇ ಸರಿಯಾಗಿ ಬಿದ್ದಿಲ್ಲ."

"ಅಂದಾಜಿಗೆ ಕತ್ತರಿಸು. ಇಷ್ಟು ವರ್ಷ ಆಯ್ತು, ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ವಾ ನಿಂಗೆ?"

"ಅಂದಾಜಾ? ಎರಡೇ ಹೊದಿಕೆ ಇರೋದು. ಒಂದು ಗೇಣು ಕಡಿಮೆ ಬಿತ್ತೂ ಅಂದ್ರೆ ಮುಗೀತು. ಅವರಮ್ಮನ ಮನೆ ಬಟ್ಟೆ, ಅಂಗಡೀಲಿ ಸಿಗುತ್ತಾ?"

"ಹಾಗಾದ್ರೆ ಫೋನ್ ಮಾಡು. ಮತ್ತೆ ಎರಡು ಬಸ್ ಹತ್ತಿ ಹೋಗ್ತೀಯಾ ಆ ಮಂಡಿ ಇಟ್ಕೊಂಡು?"

ಫೋನ್ ಮಾಡಲು ನಂಬರೆಲ್ಲಿದೆ? ಆ ಗಾಜು ಕೂರಿಸಿದ್ದು ಪೇಟೆಯ ಗಾಜಿನಂಗಡಿಯವನು. ಅವನಿಗೂ ಇವಳಿಗೂ ಹಳೆಯ ಪರಿಚಯ. ಗಾಜು ಹಾಕಿಸಿದವರನ್ನು ಅವನು ಇವಳ ಹತ್ತಿರ ಕಳಿಸುವುದು, ಪರದೆ ಹಾಕಿಸುವವರನ್ನು ಇವಳು ಅವನ ಹತ್ತಿರ ಕಳಿಸುವುದು. ಅವನನ್ನೇ ಕೇಳಿದಳು. "ಅಳತೆ ಎಲ್ಲಿ ನೆನಪಿರುತ್ತಕ್ಕ? ಆ ಮನೆ ನಂಬರ್ ಇದೆ, ಬರ್ಕೊಳ್ಳಿ," ಎಂದ ಅವನು.

ಮನೆ ನಂಬರ್ ಎಂದರೆ ಮನೆಯಲ್ಲೇ ಇರುವ ಫೋನು ಎಂದುಕೊಂಡಳು. ಗಂಡ ಊರಿನಲ್ಲಿಲ್ಲ, ಹುಡುಗಿಯಲ್ಲದೆ ಇನ್ಯಾರು ಎತ್ತುತ್ತಾರೆ? ಅಷ್ಟು ಯೋಚಿಸಿದ್ದೂ ಆಮೇಲಿನ ಮಾತು. ನಿಜ ಹೇಳಬೇಕೆಂದರೆ ಬಟ್ಟೆ ಮೇಜಿನ ಮೇಲೆ ಬಿದ್ದಿತೆಂದರೆ ಪರದೆಯಕ್ಕನ ತಲೆಯಲ್ಲಿ ಅಳತೆ ಬಿಟ್ಟು ಬೇರೇನೂ ಇರುವುದಿಲ್ಲ. ಫೋನಿನಲ್ಲಿ ಅವಳ ಅಭ್ಯಾಸವೂ ಅಷ್ಟೇ. ಆ ಕಡೆಯವರು ಹಲೋ ಅನ್ನುವುದರೊಳಗೆ ತನ್ನದೆಲ್ಲ ಹೇಳಿ ಮುಗಿಸಿರುತ್ತಾಳೆ.

ಇವತ್ತೂ ಹಾಗೇ ಆಯಿತು. ರಿಂಗ್ ನಿಂತದ್ದೇ ತಡ, "ಪರದೆಯೋಳು ಮಾತಾಡ್ತಿರೋದು ಕಣಮ್ಮ. ನಿಮ್ಮ ಮುಂದಿನ ಗಾಜಿನ ಅಗಲ ಒಂದ್ಸಲ ಅಳೆದು ಹೇಳ್ಬಿಡಿ, ನನ್ನ ಗಂಟು ಬಿಚ್ಚೋಗಿದೆ. ನಾಳೆ ನಿಮ್ಮೋರು ಬರೋದ್ರೊಳಗೆ ಹಾಕಿ ಮುಗಿಸ್ತೀನಿ, ಏನೂ ಹೆದರ್ಕೋಬೇಡಿ" ಎಂದು ಒಂದೇ ಉಸಿರಿಗೆ ಸುರಿದಳು.

ಆ ಕಡೆ ವಾಹನಗಳ ಓಡಾಟ ಮಾತ್ರ ಕೇಳಿಸಿತು. ಆಮೇಲೆ ಒಂದು ಗಂಡಸಿನ ದನಿ, ತುಂಬ ಮೆದುವಾಗಿ, "ಯಾರು ಹೆದರ್ಕೊಂಡಿರೋದು?" ಎಂದಿತು.

ಪರದೆಯಕ್ಕ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು.

"ಹೇಳಿ ಅಮ್ಮ. ಯಾವ ಪರದೆ?"

"ಅದು... ರಾಂಗ್ ನಂಬರ್ ಇರ್ಬೇಕು..."

"ಇಲ್ಲ ಇಲ್ಲ, ಸರಿಯಾಗೇ ಮಾಡಿದ್ದೀರಿ. ಮುಂದಿನ ದೊಡ್ಡ ಗಾಜು ತಾನೆ? ನನ್ನ ಹೆಂಡ್ತಿ ಹೇಳಿದ್ಲಾ ಹೊಲಿಯೋಕೆ?"

"ಅವರಲ್ಲ. ಅವರಮ್ಮ... ನಿಮ್ಮ ಅತ್ತೆಯೋರು ಹೇಳಿದ್ದು." ಹುಡುಗಿ ಹೇಳಿಕೊಟ್ಟಿದ್ದ ಸುಳ್ಳನ್ನೇ ಇವಳು ಹಿಡಿದುಕೊಂಡಳು.

"ಅತ್ತೆಯವರಾ?" ಅವನು ಸಣ್ಣಗೆ ನಕ್ಕ. "ಅವರು ನಮ್ಮ ಮನೆ ಮೆಟ್ಟಿಲು ಹತ್ತೇ ಇಲ್ಲ. ಕಿಟಕಿ ಇದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು? ಹೋಗ್ಲಿ ಬಿಡಿ. ಅಗಲ ಬರ್ಕೊಳ್ಳಿ." ಒಂದು ಚೂರೂ ತಡವರಿಸದೆ ಅಡಿ, ಇಂಚು ಎಲ್ಲ ಹೇಳಿದ. "ಚೆನ್ನಾಗಿ ಹೊಲಿದು ಇವತ್ತೇ ತಂದ್ಬಿಡಿ. ಸಂಜೆ ನಾನೇ ಮನೇಲಿರ್ತೀನಿ. ನನ್ನ ಟೂರ್ ಇವತ್ತಿಗೇ ಮುಗಿಸ್ಕೊಂಡು ಬರ್ತೀನಿ."

ಫೋನ್ ಇಟ್ಟು ಪರದೆಯಕ್ಕ ಹಣೆ ಚಚ್ಚಿಕೊಂಡಳು. ಓರಗಿತ್ತಿ ಮೆಷಿನ್ ನಿಲ್ಲಿಸಿದಳು.

"ಎಂಥಾ ಕೆಲಸ ಮಾಡ್ಬಿಟ್ಟೆ ನಾನು! ನನ್ನ ನಾಲಿಗೆಗೆ ಬೆಂಕಿ ಹಾಕ! ಹೇಳ್ಬೇಡಿ ಅಂತ ಅಷ್ಟು ಹೇಳಿದ್ಲು ಕಣೆ ಆ ಮಗು..."

"ಬೈದಾನು, ಒಂದೆರಡು ಮಾತು. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನೀನ್ಯಾಕೆ ಹೀಗೆ ಬೆವರ್ತೀಯ?"

"ಬಯ್ಯೋನಾಗಿದ್ರೆ ಫೋನಲ್ಲೇ ಬೈತಿದ್ದ. ಅವನು ನಕ್ಕ ಕಣೆ."

ಓರಗಿತ್ತಿ ಮೆಷಿನ್ ಬಿಟ್ಟು ಎದ್ದು ಬಂದಳು.

ಹುಡುಗಿಗೆ ಸುದ್ದಿ ಮುಟ್ಟಿಸಬೇಕು. ಹೇಗೆ? ಆ ಹುಡುಗಿಯ ಪಕ್ಕದ ಮನೆಗೆ ಹೋದ ತಿಂಗಳಷ್ಟೇ ಪರದೆ ಹಾಕಿ ಬಂದಿದ್ದಳು. ಅಲ್ಲಿಗೆ ಹೋಗಿದ್ದಾಗಲೇ ಈ ಹುಡುಗಿ ಕಾಂಪೌಂಡಿನ ಮೇಲಿಂದ ಇವಳನ್ನು ಕರೆದು ಮಾತನಾಡಿಸಿದ್ದು. ಆ ಮನೆಯವರ ನಂಬರ್ ಹುಡುಕಿ ಫೋನ್ ಮಾಡಿದಳು. ಪರದೆ ಎಷ್ಟು ಚೆನ್ನಾಗಿ ಬಂದಿದೆ ಎಂದು ಖುಷಿಯಿಂದ ಶುರು ಮಾಡಿದ ಆಕೆ ವಿಷಯ ತಿಳಿದದ್ದೇ ದನಿ ತಗ್ಗಿಸಿದರು. "ಆ ಮನೆ ತಂಟೆಗೆ ಮಾತ್ರ ನಾವು ಹೋಗಲ್ಲ ಕಣ್ರೀ. ಒಂದ್ಸಲ ಕೂಗು ಕೇಳಿ ನಮ್ಮೋರು ಹೋಗಿದ್ರು. ಆ ಯಪ್ಪ ಬಾಗಿಲು ತೆಗೆದು ಕಾಫಿ ಕೊಟ್ಟು ಕಳಿಸಿದ. ಮಾರನೇ ದಿನ ಆ ಹುಡುಗಿ ಮುಖ ನೋಡೋ ಹಾಗಿರ್ಲಿಲ್ಲ. ನಾವು ಹೋಗಿದ್ದಕ್ಕೇ ಅವಳಿಗೆ ಇನ್ನೂ ಎರಡು ಬಿತ್ತೋ ಏನೋ, ಯಾರಿಗ್ಗೊತ್ತು?"

ಇಷ್ಟು ಕೇಳಿದ ಮೇಲೆ ಯಾರಾದರೂ ಏನು ಮಾಡುತ್ತಿದ್ದರು? ಚಪ್ಪಲಿ ಮೆಟ್ಟಿ ಓಡುತ್ತಿದ್ದರು. ಪರದೆಯಕ್ಕನೂ ಚಪ್ಪಲಿ ಮೆಟ್ಟಿದಳು. ಬಾಗಿಲ ತನಕ ಹೋದವಳು ಮೇಜಿನ ಮೇಲೆ ಬಿದ್ದಿದ್ದ ಹೊದಿಕೆಗಳನ್ನು ತಿರುಗಿ ನೋಡಿದಳು.

"ಬರಿಗೈಲಿ ಹೋಗಿ ಏನು ಮಾಡ್ಲಿ? ಅವನು ಬರೋದು ಸಂಜೆಗೆ. ಅಷ್ಟರಲ್ಲಿ ಪರದೆ ಹಾಕಿ ಆಗಿದ್ರೆ, ನಾನೂ ಅಲ್ಲೇ ಕೂತಿದ್ರೆ, ಹೊರಗಿನೋರ ಮುಂದೆ ದನಿ ಎತ್ತಲ್ಲ. ಎಲ್ಲ ನನ್ನ ತಪ್ಪು ಅಂತ ಕಾಲಿಗೆ ಬಿದ್ದಾದ್ರೂ ಹೇಳ್ತೀನಿ. ಎರಡು ಗಂಟೆ ಕೆಲಸ ಕಣೆ, ನೀನೊಂದು ಕೈ ಹಾಕು."

ಅವಳ ಲೆಕ್ಕ ಪೂರಾ ತಪ್ಪೆಂದು ಹೇಳುವಂತಿಲ್ಲ. ಆದರೆ ಕೆಲಸ ಕಲಿತ ಕೈಗೆ ಅವಸರ ಗೊತ್ತಿರಬೇಕಲ್ಲ! ಎಲೆ ಚಿತ್ತಾರದ ಅಂಚು ಎರಡು ಪರದೆಗೂ ಒಂದೇ ಎತ್ತರಕ್ಕೆ ಬರಬೇಕು. ಕೆಳಮಡಿಕೆ ಜೋಡಿಯಾಗಬೇಕು, ಇಲ್ಲದಿದ್ದರೆ ಬಟ್ಟೆ ತೂಗಿ ನಿಲ್ಲುವುದಿಲ್ಲ. ಒಂದು ಕಡೆ ಹೊಲಿಗೆ ಸೊಟ್ಟಗೆ ಹೋಯಿತು. "ಬಿಡಕ್ಕ, ಯಾರು ನೋಡ್ತಾರೆ?" ಎಂದು ಓರಗಿತ್ತಿ ಬಡಕೊಂಡಳು. "ಅವನು ನೋಡ್ತಾನೆ," ಎಂದು ಪರದೆಯಕ್ಕ ಅಷ್ಟುದ್ದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿದಳು. ಅವನು ನೋಡುತ್ತಾನೆ ಎಂಬುದು ಬರೀ ನೆಪ. ಸೊಟ್ಟ ಹೊಲಿಗೆ ಬಿಟ್ಟು ಏಳುವುದು ಅವಳ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. ಇಸ್ತ್ರಿ ಹಾಕಿ ಮಡಿಸುವಾಗ ಬಿಸಿಲು ಆಗಲೇ ಗೋಡೆ ಹತ್ತಿತ್ತು. ಎರಡನೆಯ ಬಸ್ಸು ಬೇರೆ ತಡವಾಗಿ ಬಂತು.

ಬೀದಿಯ ತಿರುವಿನಿಂದಲೇ ಕಾರು ಕಾಣಿಸಿತು. ಗೇಟಿನೊಳಗೆ ನಿಂತಿತ್ತು. ಒಳಗೆ ಹೋಗಿ ಎಂಜಿನ್ನಿನ ಮುಚ್ಚಳದ ಮೇಲೆ ಕೈಯಿಟ್ಟು ನೋಡಿದಳು, ತಣ್ಣಗಿತ್ತು. ಬಂದು ಬಹಳ ಹೊತ್ತೇ ಆಗಿತ್ತು ಎಂದಾಯಿತು.

ಗಾಜಿನಾಚೆ ಹುಡುಗಿ ಕಾಣುತ್ತಿದ್ದಳು. ಫ್ರಿಜ್ಜಿನ ಮೂಲೆಯಲ್ಲಲ್ಲ, ಕೋಣೆಯ ನಟ್ಟನಡುವೆ ಒಂದು ಕುರ್ಚಿಯಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟು ಬೀದಿಗೆ ಮುಖ ಮಾಡಿ ಕೂತಿದ್ದಳು. ಪರದೆಯಕ್ಕನನ್ನು ಕಂಡಳು, ಕಂಡೂ ಅಲ್ಲಾಡಲಿಲ್ಲ.

ಬಾಗಿಲು ತೆಗೆದವನು ಅವನು. ಅಂಗಿಯ ತೋಳು ಮಡಿಸಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದಿದ್ದ. ನೋಡಲು ಲಕ್ಷಣವಾಗಿದ್ದ, ಮಾತು ಬೆಣ್ಣೆ.

"ಬನ್ನಿ ಅಮ್ಮ, ಬನ್ನಿ. ನಿಮಗೇ ಕಾಯ್ತಿದ್ವಿ. ಗಾಜು ಕೊಳೆಯಾಗಿತ್ತು ನೋಡಿ, ಒರೆಸ್ತಿದ್ದೆ. ಏ, ಅಮ್ಮನೋರಿಗೆ ನೀರು ಕೊಡು."

ಗಾಜಿನ ಮೇಲೆ ಒಂದು ರೆಕ್ಕೆಯ ಗುರುತೂ ಉಳಿದಿರಲಿಲ್ಲ. ಬಾಗಿಲ ಪಕ್ಕದ ಡಬ್ಬವೂ ಇರಲಿಲ್ಲ. ಹುಡುಗಿ ನೀರು ತಂದಳು. ಪರದೆಯಕ್ಕ ಅವಳ ಕಣ್ಣಲ್ಲಿ ಕೋಪ ಹುಡುಕಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೈದಿದ್ದರೆ ಇನ್ನೂ ಒಳ್ಳೆಯದಿತ್ತು. ಆ ಕಣ್ಣಲ್ಲಿ ಇವಳ ಗುರುತೇ ಇರಲಿಲ್ಲ.

"ಸ್ವಾಮಿ, ತಪ್ಪೆಲ್ಲ ನನ್ದು," ಎಂದು ಪರದೆಯಕ್ಕ ಬಸ್ಸಿನಲ್ಲಿ ಉರು ಹೊಡೆದದ್ದನ್ನು ಶುರು ಮಾಡಿದಳು. "ಪಕ್ಕದ ಮನೆಗೆ ಬಂದಿದ್ದೆ. ಈ ಗಾಜು ನೋಡಿ, ಪರದೆ ಹಾಕಿಸ್ಕೊಳ್ಳಿ ಅಂತ ನಾನೇ ಗಂಟುಬಿದ್ದೆ. ಬೇಡ ಬೇಡ ಅಂದ್ರು ಅವರು. ವ್ಯಾಪಾರದ ಆಸೆ ನೋಡಿ, ಬಿಡ್ಲಿಲ್ಲ ನಾನು."

"ತಪ್ಪೇನಿದೆ ಇದ್ರಲ್ಲಿ? ಹಕ್ಕಿಗಳಿಗೆ ಅಂತ ತಾನೆ? ಇವಳು ಎಲ್ಲ ಹೇಳಿದ್ಲು. ಕೇಳಿದ ಮೇಲೆ ಹೇಳಿದ್ಲು." ಅವನು ಪರದೆಯ ಮಡಿಕೆ ಬಿಚ್ಚಿ ಅಂಚಿನ ಮೇಲೆ ಬೆರಳಾಡಿಸಿದ. "ಎಷ್ಟು ನೀಟಾಗಿ ಹೊಲಿದಿದ್ದೀರಿ! ಹಾಕಿ. ಸ್ಟೂಲ್ ನಾನು ಹಿಡ್ಕೋತೀನಿ."

ಅವಳು ಹತ್ತಿದಳು. ಅವನು ಸ್ಟೂಲನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಅದು ಒಂದಿಷ್ಟೂ ಅಲ್ಲಾಡಲಿಲ್ಲ. ಪರದೆಯ ಸರಳು ಕೂರಿಸುವಷ್ಟು ಹೊತ್ತೂ ಅವಳು ಯಾವುದೋ ನೆಪಕ್ಕೆ ತಡಕಾಡಿದಳು. ಸರಳಿನ ಬಳೆಯೊಂದನ್ನು ಬೇಕೆಂದೇ ಬೀಳಿಸಿದಳು, ಅವನು ಎತ್ತಿಕೊಟ್ಟ. ಮೊಳೆ ಸಡಿಲ ಎಂದಳು, ಅವನೇ ಬಿಗಿ ಮಾಡಿದ. ಕೆಲಸ ಮುಗಿದೇ ಹೋಯಿತು.

"ಕತ್ತಲಾಗ್ತಿದೆ. ನನಗೆ ಈ ಕಡೆ ದಾರಿ ಸರಿಯಾಗಿ ಗೊತ್ತಾಗಲ್ಲ," ಎಂದು ಚೀಲ ಎತ್ತಿಕೊಳ್ಳುತ್ತ ಹುಡುಗಿಯ ಕಡೆ ತಿರುಗಿದಳು. "ಬಸ್ ಸ್ಟಾಪಿನ ತನಕ ಸ್ವಲ್ಪ ಬಿಟ್ಟು ಬರ್ತೀಯಾ ತಾಯಿ?"

ಹುಡುಗಿಯ ಕಾಲು ಒಂದು ಹೆಜ್ಜೆ ಮುಂದೆ ಬಂತು.

"ಅವಳಿಗೆ ಒಳಗೆ ಕೆಲಸ ಇದೆ," ಎಂದ ಅವನು. "ನಾನೇ ಗೇಟಿನ ತನಕ ಬಿಡ್ತೀನಿ ಬನ್ನಿ. ಅಲ್ಲಿಂದ ನೇರ ದಾರಿ. ನಿನ್ನೆ ತಾನೆ ಬಂದು ಹೋಗಿದ್ದೀರಿ."

ಗೇಟಿನ ತನಕ ಬಿಟ್ಟ. "ಹುಷಾರಾಗಿ ಹೋಗಿ" ಎಂದೂ ಹೇಳಿದ. ಚಿಲಕ ಹಾಕಿ, ಒಳಗೆ ನಡೆದು, ಬಾಗಿಲು ಮುಚ್ಚಿಕೊಂಡ.

ಪರದೆಯಕ್ಕ ಬೀದಿಯಲ್ಲೇ ನಿಂತಳು. ಒಳಗೆ ದೀಪ ಹತ್ತಿತು. ಕೋಣೆಯೆಲ್ಲ ಕಾಣುತ್ತಿತ್ತು, ಹುಡುಗಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು, ಅವನು ಅವಳಿಗೆ ಏನೋ ಹೇಳುತ್ತಿದ್ದ. ಹೇಳುತ್ತಲೇ ಕಿಟಕಿಯ ಹತ್ತಿರ ಬಂದ. ಎಡಗಡೆಯ ಪರದೆಯನ್ನು ಎಳೆದ. ಆಮೇಲೆ ಬಲಗಡೆಯದನ್ನು ಎಳೆಯುವ ಮೊದಲು ಬೀದಿಯ ಕಡೆ ನೋಡಿ, ಪರದೆಯಕ್ಕನಿಗೆ ತಲೆ ಬಾಗಿಸಿ ನಕ್ಕ.

ಎರಡು ಪರದೆಗಳೂ ಕೂಡಿಕೊಂಡವು. ಹಾಳು ಕಣ್ಣು, ಆಗಲೂ ಮೊದಲು ನೋಡಿದ್ದು ಬಟ್ಟೆ ಬಿದ್ದ ರೀತಿಯನ್ನೇ. ಎಲೆಯ ಅಂಚು ಈ ತುದಿಯಿಂದ ಆ ತುದಿಗೆ ಒಂದೇ ಸಮನಾಗಿತ್ತು. ನಡುವೆ ಬೆಳಕು ಸೋರಬಾರದೆಂದು ಒಂದರ ಮೇಲೊಂದು ಅಂಗೈಯಗಲ ಬರುವಂತೆ ಹೊಲಿದಿದ್ದಳು. ಒಂದು ಎಳೆ ಬೆಳಕೂ ಸೋರುತ್ತಿರಲಿಲ್ಲ. ನಿನ್ನೆಯ ತನಕ ಈ ದಾರಿಯಲ್ಲಿ ಹೋಗುವ ಹಾಲಿನವನಿಗೂ, ಪೇಪರಿನವನಿಗೂ ಆ ಕೋಣೆಯಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದು ಕಾಣುತ್ತಿತ್ತು.

ಅಳು ಬಂತು ಅವಳಿಗೆ. ಪಕ್ಕದ ಮನೆಯ ಕಡೆ ತಿರುಗಿದಳು. ಅಲ್ಲೂ ಅವಳೇ ಹೊಲಿದ ಪರದೆಗಳು, ಅವೂ ಮುಚ್ಚಿದ್ದವು. ಬಸ್ಸು ಬರುವ ಸದ್ದು ದೂರದಲ್ಲಿ ಕೇಳಿಸಿತು. ಹೋದರೆ ಹೋಗಿಯೇಬಿಡಬಹುದಿತ್ತು. ಓರಗಿತ್ತಿ ಬಿಸಿ ಅನ್ನ ಬಡಿಸಿ, ಹೋಗಲಿ ಬಿಡಕ್ಕ ಎನ್ನುತ್ತಿದ್ದಳು.

ಗೇಟಿನ ಮೇಲಿಂದ ಕೈ ಹಾಕಿ ಚಿಲಕ ತೆಗೆದಳು. ಬಾಗಿಲಿಗೆ ಹೋಗಿ ಕರೆಗಂಟೆ ಒತ್ತಿದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಮಡಿಕೆ ಸರಿಯಾಗಿಲ್ಲ ಎನ್ನಬಹುದು, ಒಗೆದರೆ ಕುಗ್ಗುತ್ತದೆ, ಇನ್ನೊಮ್ಮೆ ಅಳೆಯಬೇಕು ಎನ್ನಬಹುದು. ಯಾರೂ ಬರಲಿಲ್ಲ. ಮತ್ತೆ ಒತ್ತಿದಳು, ಈ ಸಲ ಬೆರಳು ತೆಗೆಯಲಿಲ್ಲ. ಬಸ್ಸು ಬಂದು ನಿಂತು ಹೊರಟುಹೋಯಿತು. ಒಳಗೆ ಗಂಟೆ ಬಾರಿಸುತ್ತಲೇ ಇತ್ತು. ಪಕ್ಕದ ದೊಡ್ಡ ಗಾಜಿನ ಹಿಂದೆ ಪರದೆಯ ಒಂದು ನೆರಿಗೆಯೂ ಅಲ್ಲಾಡಲಿಲ್ಲ.